ಮೋಸಂಬಿ ರಸಕ್ಕೆ ಒಗ್ಗರಣೆ

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಆ ಮನೆಯಲ್ಲಿ ನಗುವ ಸಂಗತಿಗಳು ನಿಂತುಹೋಗುತ್ತವೆ ಎಂದು ನಾನು ತಿಳಿದಿದ್ದೆ. ನಿಲ್ಲುವುದಿಲ್ಲ. ಅವು ಮೊದಲಿನ ಹಾಗೆಯೇ ಬರುತ್ತಿರುತ್ತವೆ; ಬಾಗಿಲಲ್ಲಿ ನಿಂತು ಕೇಳಿ ಒಳಗೆ ಬರುವ ರೂಢಿ ಅವಕ್ಕಿಲ್ಲ.

ಮೊದಲಾದದ್ದು ಒಂದು ಶುಕ್ರವಾರ. ಆಗ ನಿಜಾಮರ ರಾಜ್ಯ. ಜಹೀರಾಬಾದಿನ ನಮ್ಮ ಶಾಲೆಗೆ ಶುಕ್ರವಾರ ರಜೆ. ನಾನು ಪಡಸಾಲೆಯಲ್ಲಿ ಕುಳಿತು ಮರುದಿನ ಹುಡುಗರಿಗೆ ಕಲಿಸಬೇಕಾದ ಉರ್ದು ಪಾಠ ನೋಡಿಕೊಳ್ಳುತ್ತಿದ್ದೆ. ಒಳಗೆ ನನ್ನ ಹೆಂಡತಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಅಗಲವಾದ ಹಾಗೆ ಬಡಿಯುವ ಸದ್ದು ಬದಲಾಗುತ್ತದೆ. ಹೊರಗೆ ಕುಳಿತವನಿಗೂ ಅದು ಹಂಚಿಗೆ ಹೋಗುವ ಹೊತ್ತು ತಿಳಿಯುತ್ತದೆ. ಅಂದು ಸದ್ದು ನಡುವೆಯೇ ನಿಂತಿತು. ಸ್ವಲ್ಪ ಕಾದು ಒಳಗೆ ಹೋದೆ. ಅರ್ಧ ಬಡಿದ ರೊಟ್ಟಿಯ ಮೇಲೆ ಅಂಗೈ ಇಟ್ಟುಕೊಂಡು ಕುಳಿತಿದ್ದಳು.

"ಕೈ ಏಳವಲ್ಲದು ನೋಡ್ರಿ," ಎಂದಳು. ಆಮೇಲೆ, "ಹಂಚ ಇಳಸ್ರಿ ಮೊದಲ. ಸುಮ್ಮ ಸುಡಾಕತ್ತದ."

ಅವಳಿಗೆ ಮಳೆಗಾಲದಲ್ಲಿ ದೀರ್ಘ ಜ್ವರ ಬಂದು ಹೋಗಿತ್ತು. ಹೋಯಿತೆಂದು ನಾವು ಸುಮ್ಮನಿದ್ದೆವು. ಸರಕಾರಿ ದವಾಖಾನೆಯ ಡಾಕ್ಟರ್ ಸಾಹೇಬರು ಸೆರಗಿನ ಮರೆಯಲ್ಲಿದ್ದ ಅವಳ ಉಗುರು ನೋಡಿದರು, ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದರು. ಜ್ವರ ಹೋಗಿದೆ, ಹೋಗುವಾಗ ಮೈಯ ರಕ್ತ ತೆಗೆದುಕೊಂಡು ಹೋಗಿದೆ ಎಂದರು. ಔಷಧಿ ಕೊಟ್ಟರು, ಆದರೆ ಔಷಧಿಗಿಂತ ಇನ್ನೊಂದು ಮಾತನ್ನು ಒತ್ತಿ ಹೇಳಿದರು.

"ತಾಜಾ ಹಣ್ಣಿನ ರಸ, ಮಾಸ್ತರ್. ಮೋಸಂಬಿ, ದಾಳಿಂಬೆ. ಮನಿಯಾಗೇ ಹಿಂಡಬೇಕು, ಹಿಂಡಿದ ಕೂಡ್ಲೆ ಕುಡಿಸಬೇಕು. ದಿನಾ ಒಂದು ತುಂಬು ಗಿಲಾಸ್. ಅಷ್ಟು ಹೊಟ್ಟಿಗಿ ಹೋದ್ರ ಎದ್ದು ತಿರುಗಾಡ್ತಾರ."

"ಹೋಗದಿದ್ದರೆ, ಸಾಹೇಬ್?"

ಅವರು ಕೈ ತೊಳೆದುಕೊಳ್ಳುತ್ತಿದ್ದರು. "ಹೋಗ್ಬೇಕು," ಎಂದರು.

ನಮ್ಮ ಓಣಿಯಲ್ಲಿ ಅಲ್ಲಿಯವರೆಗೆ ಯಾರೂ ಹಣ್ಣನ್ನು ಕುಡಿದಿರಲಿಲ್ಲ. ಹಣ್ಣೆಂದರೆ ಕಚ್ಚಿ ತಿನ್ನುವುದು. ಹಿಂಡಿ ಕುಡಿಯುವುದೆಂದರೆ ಕಬ್ಬು; ಅದೂ ಗಾಣ ಹೂಡಿದ ಹೊಲಕ್ಕೆ ಹೋದಾಗ. ಮುಂದೆ ಆದದ್ದಕ್ಕೆಲ್ಲ ಇದೇ ಕಾರಣ.

೧. ಒಗ್ಗರಣೆ

ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಮಗಳ ಆರೈಕೆಗೆಂದು ನಾಗಲಗಿದ್ದದಿಂದ ಬಂದರು. ಡಾಕ್ಟರರು ಹೇಳಿದ್ದನ್ನು ಹೇಳಿದ ಹಾಗೆಯೇ ಅವರಿಗೆ ತಿಳಿಸಿ, ಮೋಸಂಬಿ ತಂದಿಟ್ಟು ಶಾಲೆಗೆ ಹೋದೆ.

ಮಧ್ಯಾಹ್ನ ಮನೆಗೆ ಬಂದಾಗ ಬಾಗಿಲಲ್ಲೇ ಸಾಸಿವೆ, ಜೀರಿಗೆ, ಬೆಳ್ಳುಳ್ಳಿಯ ವಾಸನೆ. ಹಾಸಿಗೆಯ ಹತ್ತಿರ ತಾಟು, ತಾಟಿನಲ್ಲಿ ರೊಟ್ಟಿಯ ಚೂರು.

"ರಸ ಕೊಟ್ಟರೇನು?" ಎಂದೆ.

ಅಳಿಯನೊಡನೆ ನೇರ ಮಾತಾಡುವ ರೂಢಿ ಅತ್ತೆಯವರಿಗಿರಲಿಲ್ಲ. ಅಡಿಗೆಮನೆಯ ಬಾಗಿಲ ಮರೆಯಿಂದ ಮಗಳಿಗೆ ಹೇಳಿದರು: "ನಿನ್ನ ಗಂಡಗ ಹೇಳು, ಹಸೀದು ಕೊಟ್ರ ಎದ್ಯಾಗ ಥಂಡಿ ಕುಂದರ್ತದ. ಅದಕ್ಕ ಜರಾ ಕುದಿಸೀನಿ."

"ಕುದಿಸಿದ ಮೇಲೆ?"

"ಕುದಿಸಿದ ಮ್ಯಾಲ ಒಗ್ಗರಣಿ ಇಲ್ದ ಹೆಂಗ ಇಡಾದು? ನಾಕ ಮಂದಿ ನೋಡಿದ್ರ ಏನಂದಾರು?"

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಬೆರಳು ನೆಕ್ಕಿಕೊಂಡಳು. "ಚಲೋ ಆಗ್ಯಾದರಿ. ಉಪ್ಪ ಜರಾ ಕಡಿಮಿ."

ಮರುದಿನ ದವಾಖಾನೆಗೆ ಹೋದಾಗ ಡಾಕ್ಟರರು ಕೇಳಿದರು: "ಎಷ್ಟು ಗಿಲಾಸ್ ಕುಡಿದ್ರು?"

ನಾನು ಸುಳ್ಳು ಹೇಳುವ ಅಭ್ಯಾಸದವನಲ್ಲ. "ಗಿಲಾಸಿನ ಅಂದಾಜು ಸಿಗಲಿಲ್ಲ ಸಾಹೇಬ್," ಎಂದೆ. "ಎರಡು ರೊಟ್ಟಿ ಅದ್ದಿಕೊಂಡು ಉಂಡಳು."

ಮುಂದೆ ಎಂದೂ ಅವಳು ಎರಡು ರೊಟ್ಟಿ ಉಣ್ಣಲಿಲ್ಲ. ಅಂದು ಅದು ನಮಗೆ ಗೊತ್ತಿರಲಿಲ್ಲವಾದ್ದರಿಂದ ಡಾಕ್ಟರರೂ ನಾನೂ ಚೆನ್ನಾಗಿ ನಕ್ಕೆವು.

೨. ಗಾಣದ ಕಾಕಾ

ಒಗ್ಗರಣೆ ನಿಂತಿತು. ಇನ್ನು ದಾಳಿಂಬೆಯ ಸರದಿ. ಮೋಸಂಬಿಯನ್ನು ಕೈಯಲ್ಲಿ ಹಿಂಡಬಹುದು. ದಾಳಿಂಬೆಯ ಕಾಳು ಹಾಗೆ ಬಗ್ಗುವುದಿಲ್ಲ. ಅತ್ತೆಯವರು ಕಾಳು ಬಿಡಿಸಿ, ಒಗೆದ ಬಟ್ಟೆಯಲ್ಲಿ ಕಟ್ಟಿ ತಿರುಚಿದರು. ಒಗೆದದ್ದೆಂದು ಕೈಗೆ ಸಿಕ್ಕಿದ್ದು ನನ್ನ ಶಾಲೆಯ ಧೋತರ. ನನಗಿದ್ದ ಇನ್ನೊಂದು ಧೋತರ ಹರಿದಿತ್ತು. ಕೆಂಪು ಕಲೆಯ ಧೋತರ ಉಟ್ಟು ಶಾಲೆಗೆ ಹೋದೆ. ಹೆಡ್‌ಮಾಸ್ತರ್ ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹುಡುಗರನ್ನು ಹೊಡೆಯುವುದಕ್ಕೂ ಒಂದು ಮಿತಿ ಇರಬೇಕು ಎಂದರು.

ನಮ್ಮ ಮನೆಯ ಎದುರು ಎಣ್ಣೆಗಾಣ. ಗಾಣದವನನ್ನು ಓಣಿಯೆಲ್ಲ ಕಾಕಾ ಎನ್ನುತ್ತಿತ್ತು. ಧೋತರದ ಕಥೆ ಕೇಳಿ ಅವನು ಮನೆಗೇ ಬಂದ.

"ಎದುರಿಗಿ ಗಾಣ ಇಟಗೊಂಡು ಅರಿಬ್ಯಾಗ ಹಿಂಡತೀರಲ್ಲ ಮಾಸ್ತರ್! ಎತ್ತ ಏನ್ ಮೇಯಾಕಷ್ಟೇ ಕಟ್ಟೀನೇನು? ಇಲ್ಲಿ ತರ್ರಿ."

ಬುಟ್ಟಿ ದಾಳಿಂಬೆ ಬಿಡಿಸಿ ಒಯ್ದ. ಕುಸುಬಿ ಅರೆಯುತ್ತಿದ್ದ ಗಾಣವನ್ನು ನಿಲ್ಲಿಸಿ, ಒರೆಸಿ, ಎತ್ತಿನ ಬೆನ್ನು ತಟ್ಟಿ ಎರಡು ಸುತ್ತು ತಿರುಗಿಸಿದ. ಗಾಣಕ್ಕೆ ಕಾಳು ಬೇರೆ, ಕಾಳಿನ ಬೀಜ ಬೇರೆ ಎಂದು ತಿಳಿಯದು. ಎಲ್ಲವನ್ನೂ ನುಣ್ಣಗೆ ಮಾಡಿತು. ಬಂದ ರಸ ಕೆಸರಿನ ಬಣ್ಣದ್ದು. ಮೇಲೆ ಬಂಗಾರದ ಬಣ್ಣದ ಎಣ್ಣೆಯ ಕಣ್ಣುಗಳು ತೇಲುತ್ತಿದ್ದವು.

ಹೆಂಡತಿ ಗಿಲಾಸು ಮೂಗಿನ ಹತ್ತಿರ ಒಯ್ದು ಹಿಡಿದುಕೊಂಡಳು. "ಕಾಕಾ, ಇದನ್ನ ಕುಡೀಲೋ, ತಲಿಗಿ ಹಚಗೊಳ್ಲೋ?"

ಕಾಕಾನ ಮುಖ ಸಣ್ಣದಾಯಿತು. "ತಪ್ಪಾತವ್ವ ತಂಗಿ. ಗಾಣದ್ದು ತಪ್ಪ."

"ಗಾಣದ್ದಲ್ಲ. ನಿನ್ನ ಕೈಯಾಗೇ ಎಣ್ಣಿ ಅದ. ನೀ ಮುಟ್ಟಿದ ನೀರಿಗೂ ದೀಪ ಹತ್ತತದ."

ಅವಳು ನಗಿಸಲು ಅಂದದ್ದು. ಅವನು ನಗಲಿಲ್ಲ. ಬಾಗಿಲಲ್ಲಿ ನಿಂತು ಎರಡೂ ಅಂಗೈ ಮೂಸಿ ನೋಡಿಕೊಂಡ. "ನಿನಗಂತೇ ಒಂದು ಬ್ಯಾರೆ ಗಾಣ ಮಾಡಸ್ತೀನಿ, ತಂಗಿ," ಎಂದ. "ಎಣ್ಣಿ ಮುಖ ನೋಡಿರಬಾರ್ದು ಅದು. ಅದರಾಗ ಹಿಂಡಿ ಒಂದು ತುಂಬು ಗಿಲಾಸ್ ಕುಡಸ್ತೀನಿ."

ಅವಳು ಅಂದು ಬೇರೆ ಬಟ್ಟಲಿಗೆ ಒಂದು ಗುಟುಕು ಹಾಕಿಕೊಂಡು ಕುಡಿದಳು. ಗಿಲಾಸಿನಲ್ಲಿ ಉಳಿದದ್ದನ್ನು ಎತ್ತಿಗೆ ಇಟ್ಟರು. ಎತ್ತು ಮೂಸಿ ನೋಡಿ ಮುಖ ತಿರುಗಿಸಿತು.

೩. ತಾಂಡೂರ ಕಲ್ಲು

ಕಾಕಾನ ಮಗಳನ್ನು ತಾಂಡೂರಿಗೆ ಕೊಟ್ಟಿತ್ತು. ಅಳಿಯ ಕಲ್ಲಿನ ಗಣಿಯಲ್ಲಿ ಕೆಲಸಕ್ಕಿದ್ದ. ಕಾಕಾ ಹೋಗಿ, ರೈಲಿನಲ್ಲಿ ಎರಡು ಹಾಸುಗಲ್ಲು ತಂದ. ಕೆಳಗಿನ ಕಲ್ಲಿಗೆ ರಸ ಹರಿಯಲು ಕಾಲುವೆ ಕೊರೆಸಿದ್ದ. ಹಣ್ಣು ನಡುವೆ ಇಟ್ಟು, ಮೇಲಿನ ಕಲ್ಲು ಹೇರಿ, ಅದರ ಮೇಲೆ ಒಬ್ಬರು ಕುಳಿತರೆ ಆಯಿತು. ಕುಳಿತದ್ದು ಕಾಕಾನೇ.

ಆ ವಾರದ ಸಂತೆಯಲ್ಲಿ ಮೋಸಂಬಿ ಸಿಕ್ಕಿರಲಿಲ್ಲ. ಹುಳಿ ಕಿತ್ತಳೆ ಸಿಕ್ಕಿತ್ತು. ರಸ ಕಲ್ಲಿನ ಮೇಲೆ ಇಳಿಯಿತು. ಇಳಿದಲ್ಲೆಲ್ಲ ಸಣ್ಣಗೆ ಸುಂಯ್ ಎಂದು ನೊರೆ ಎದ್ದಿತು.

ಕಾಕಾ ಕಲ್ಲಿನಿಂದ ಹಾರಿ ಇಳಿದ. ಅತ್ತೆಯವರು ಎದೆಗೆ ಕೈ ಹಚ್ಚಿಕೊಂಡರು. "ದೃಷ್ಟಿ! ನನ್ನ ಮಗಳಿಗಿ ಆದ ದೃಷ್ಟಿ ಹಣ್ಣಿನಾಗೂ ಬಂದದ."

ನಾನು ವಿವರಿಸಿದೆ. ತಾಂಡೂರ ಕಲ್ಲು ಸುಣ್ಣದ ಜಾತಿಯದು, ಹುಳಿ ಸುಣ್ಣಕ್ಕೆ ತಾಗಿದರೆ ನೊರೆ ಬರುತ್ತದೆ, ಇದು ಕಲ್ಲಿನ ಗುಣ, ಇದರಲ್ಲಿ ಯಾರ ಕಣ್ಣೂ ಇಲ್ಲ ಎಂದು ಕ್ಲಾಸಿನಲ್ಲಿ ಹೇಳಿದ ಹಾಗೆ ಬಿಡಿಸಿ ಹೇಳಿದೆ. ಎಲ್ಲರೂ ಗೌರವದಿಂದ ಕೇಳಿದರು. ಇಷ್ಟು ಶ್ರದ್ಧೆ ನನ್ನ ಕ್ಲಾಸಿನಲ್ಲಿ ನಾನು ಕಂಡಿರಲಿಲ್ಲ.

ಮುಗಿದ ಮೇಲೆ ಅತ್ತೆಯವರು ಒಳಗೆ ಹೋಗಿ ಒಣಮೆಣಸಿನಕಾಯಿ, ಉಪ್ಪು ತಂದು ದೃಷ್ಟಿ ತೆಗೆದರು. ಮೊದಲು ಮಗಳಿಗೆ, ಆಮೇಲೆ ಕಲ್ಲಿಗೆ, ಕೊನೆಗೆ ನನಗೆ.

೪. ಮಾತಾಡಿಸಲು ಬಂದವರು

ಕಾಕಾ ಕಲ್ಲು ಬಿಟ್ಟು ಕಟ್ಟಿಗೆಗೆ ಬಂದ. ನಾರಾಯಣಖೇಡದಲ್ಲಿ ಒಬ್ಬ ಬಡಿಗ ಇದ್ದಾನೆ, ಜಾಲಿಯ ಕಟ್ಟಿಗೆಯಲ್ಲಿ ಕೈಯಿಂದ ತಿರುಗಿಸುವ ಸಣ್ಣ ಗಾಣ ಮಾಡಿಕೊಡುತ್ತಾನೆ, ಹೇಳಿ ಬಂದಿದ್ದೇನೆ ಎಂದ. ಅದು ಬರುವತನಕ ಕೈಯೇ ಗತಿ. ಅತ್ತೆಯವರು ದಿನವೂ ಬೆಳಿಗ್ಗೆ ಹೊಸ ಬಿಳಿ ಅರಿವೆಯಲ್ಲಿ ಹಿಂಡಿ ಒಂದು ಗಿಲಾಸು ತುಂಬಿಸುವುದನ್ನು ಕಲಿತರು. ಈಗ ರಸ ಸರಿಯಾಗಿತ್ತು. ಗಿಲಾಸೂ ತುಂಬುತ್ತಿತ್ತು. ತೊಂದರೆ ಬೇರೆ ಕಡೆಯಿಂದ ಬಂತು.

ನಮ್ಮ ಕಡೆ ಮನೆಗೆ ಬಂದವರನ್ನು ಬರಿಬಾಯಿಯಲ್ಲಿ ಕಳಿಸುವುದಿಲ್ಲ. ಬೇನೆಯವರನ್ನು ಮಾತಾಡಿಸಲು ಓಣಿಯವರು ಬೆಳಿಗ್ಗೆಯೇ ಬರುತ್ತಿದ್ದರು. ಬಂದವರ ಮುಂದೆ ಗಿಲಾಸು ಎತ್ತಲು ಅವಳಿಗೆ ಆಗುತ್ತಿರಲಿಲ್ಲ.

"ಯವ್ವಾ, ಅತ್ಯಾಗೋಳಿಗಿ ಜರಾ ಹಾಕು," ಎನ್ನುತ್ತಿದ್ದಳು.

"ಬ್ಯಾಡವ್ವ, ನಿನಗ ಮಾಡಿದ್ದು."

"ಜರಾ ತಗೋರಿ. ಭಾಳ ಅದ."

ಜರಾ ಎಂದು ಒಬ್ಬರು, ಜರಾ ಎಂದು ಇನ್ನೊಬ್ಬರು. ಸೋಮವಾರ ಭಿಕ್ಷೆಗೆ ಬಂದ ಜಂಗಮ ಅಯ್ಯನವರಿಗೆ ಮೊದಲು ಕೊಡದೆ ನಾವು ಮುಟ್ಟುವ ಹಾಗೇ ಇಲ್ಲ. ಅವರು ಅರ್ಧ ಗಿಲಾಸು ಸ್ವೀಕರಿಸಿ, ಒಂದು ತೇಗು ತೇಗಿ, ಮನೆಯವರಿಗೆಲ್ಲ ಆರೋಗ್ಯವಾಗಲಿ ಎಂದು ಹರಸಿದರು. ಗಿಲಾಸು ತಿರುಗಿ ತಿರುಗಿ ಅವಳ ಹತ್ತಿರ ಬರುವಾಗ ತಳದಲ್ಲಿ ಎರಡು ಗುಟುಕು ಉಳಿದಿರುತ್ತಿತ್ತು.

ಒಮ್ಮೆ ತಡೆಯಲಾರದೆ ಹೇಳಿದೆ: "ಇದು ನಿನ್ನ ಔಷಧ. ಔಷಧವನ್ನು ಯಾರಾದರೂ ಹಂಚುತ್ತಾರೆಯೆ?"

"ಮಂದಿ ಕುಂತು ನೋಡಾಕತ್ತಾಗ ನಾ ಒಬ್ಬಾಕಿ ಗಟಗಟ ಕುಡೀಲೇನು? ಬದುಕಿದ ಮ್ಯಾಲ ಇದೇ ಓಣ್ಯಾಗ ಮಾರಿ ತೋರಿಸಬೇಕಲ್ರಿ."

ಮಾತಾಡಿಸಲು ಬರುವವರು ಹೆಚ್ಚಾದರು. ಒಬ್ಬಾಕೆಯ ಮೊಣಕಾಲು ನೋವು ಹೋಯಿತು. ಇನ್ನೊಬ್ಬಾಕೆಗೆ ಹೊಟ್ಟೆ ಸರಿಯಾಯಿತು. ಹಿಂದಿನ ಓಣಿಯ ಒಬ್ಬ ಮುದುಕಿಯಂತೂ ನಾನು ಶಾಲೆಗೆ ಹೊರಟಾಗ ದಾರಿಯಲ್ಲೇ ನಿಲ್ಲಿಸಿದಳು.

"ನಿನ್ನಿ ರಸ ಭಾಳ ಹುಳಿ ಇತ್ತಲ್ರಿ ಮಾಸ್ತರ್. ಬ್ಯಾನಿ ಮನಷ್ಯಾರ ಇರೋ ಮನಿ, ಹಣ್ಣ ಜರಾ ನೋಡಿ ತರಬಾರ್ದೇನು?"

೫. ನಾಡಿ

ಆಮೇಲೆ ಆಮೇಲೆ ಜನ ಬಾರದ ದಿನವೂ ಅವಳಿಗೆ ರಸ ಇಳಿಯದಾಯಿತು. ಇಲ್ಲಿ ನಮ್ಮ ಇನ್ನೊಂದು ರೂಢಿ ಹೇಳಬೇಕು. ನಾವು ಕೊರಳಲ್ಲಿ ಲಿಂಗ ಧರಿಸುವವರು. ಏನನ್ನು ತೆಗೆದುಕೊಂಡರೂ ಮೊದಲು ಲಿಂಗಕ್ಕೆ ತೋರಿಸಿ ಆಮೇಲೆ ಬಾಯಿಗೆ. ತೋರಿಸಿದ ಮೇಲೆ ಅದು ಪ್ರಸಾದ. ಒಂದು ಹನಿಯನ್ನೂ ಚೆಲ್ಲುವ ಹಾಗಿಲ್ಲ. ಅವಳು ತೋರಿಸಿ ಎರಡು ಗುಟುಕು ಕುಡಿದು ಗಿಲಾಸು ಕೆಳಗಿಡುತ್ತಿದ್ದಳು. ಚೆಲ್ಲಲು ಬಾರದು, ಹಿಂಡಿದ್ದನ್ನು ಇಟ್ಟರೆ ಕೆಡುತ್ತದೆ. ಅತ್ತೆಯವರು ಕಣ್ಣೊರೆಸಿಕೊಳ್ಳುತ್ತ ಪೂರ್ತಿ ಕುಡಿಯುತ್ತಿದ್ದರು. ದಿನವೂ ಅಳುತ್ತಿದ್ದರು, ದಿನವೂ ಕುಡಿಯುತ್ತಿದ್ದರು.

ನಾನು ಕರೆದದ್ದಕ್ಕೆ ಡಾಕ್ಟರ್ ಸಾಹೇಬರು ಟಾಂಗಾ ಮಾಡಿಕೊಂಡು ಮನೆಗೇ ಬಂದರು. ಅವರು ಬರುತ್ತಾರೆಂದು ಹೆಂಡತಿ ಹಟ ಮಾಡಿ ಎದ್ದು, ದೊಡ್ಡವರ ಮುಂದೆ ಮಂಚದ ಮೇಲೆ ಮಲಗಬಾರದೆಂದು ಗೋಡೆಗೆ ಒರಗಿ ಚಾಪೆಯ ಮೇಲೆ ಕುಳಿತಿದ್ದಳು. ಬೆಳಗಿನಿಂದ ದುಡಿದ ಅತ್ತೆಯವರು ಖಾಲಿ ಮಂಚದ ಮೇಲೆ ಕ್ಷಣ ಹೊತ್ತು ಬೆನ್ನು ಚಾಚಿದ್ದರು. ಒಳಕೋಣೆಗೆ ಬೆಳಕು ಕಡಿಮೆ. ಇಬ್ಬರೂ ಮುಖದ ಮೇಲೆ ಸೆರಗು ಹೊದ್ದವರು. ಹೊರಗಿನ ಬಿಸಿಲಿನಿಂದ ಬಂದ ಸಾಹೇಬರು ನೇರ ಮಂಚಕ್ಕೆ ಹೋಗಿ ಅತ್ತೆಯವರ ಕೈ ಹಿಡಿದರು. ಪರಗಂಡಸಿನ ಎದುರು ಅತ್ತೆಯವರಿಗೆ ಬಾಯಿ ಬರಲಿಲ್ಲ. ಹೆದರಿ ಕಡ್ಡಿಯಂತೆ ಮಲಗಿದರು. ನಾನು ಟಾಂಗಾದಿಂದ ಅವರ ಪೆಟ್ಟಿಗೆ ತರುತ್ತಿದ್ದೆ; ಬಾಗಿಲಿಗೆ ಬರುವಷ್ಟರಲ್ಲಿ ನಾಡಿ ನೋಡಿ ಮುಗಿದಿತ್ತು.

"ಮಾಶಾಅಲ್ಲಾ!" ಎಂದರು ಸಾಹೇಬರು. "ಎಂಥಾ ನಾಡಿ, ಮಾಸ್ತರ್! ಕುದುರಿ ಹಂಗ ಓಡ್ಲಿಕತ್ತದ. ಉಗುರ ನೋಡ್ರಿ, ಹೆಂಗ ಕೆಂಪಾಗ್ಯಾವ. ನಾ ಏನ್ ಹೇಳಿದ್ದೆ? ರಸದ ಕಮಾಲ್!"

ಚಾಪೆಯ ಕಡೆಯಿಂದ ಸಣ್ಣ ದನಿ ಬಂತು. "ಸಾಹೇಬ್ರ, ನಾ ಇಲ್ಲಿದ್ದೀನ್ರಿ."

ಆಮೇಲೆ ಅವಳು ನಕ್ಕಳು. ಸೆರಗು ಬಾಯಿಗೆ ತುರುಕಿಕೊಂಡು, ಗೋಡೆ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅತ್ತೆಯವರು ಮಂಚದಿಂದ ಎದ್ದು ಅಡಿಗೆಮನೆಗೆ ಓಡಿದರು. ಸಾಹೇಬರೂ ನಕ್ಕರು, ನಗುತ್ತಲೇ ಚಾಪೆಯ ಹತ್ತಿರ ಕುಳಿತು ಅವಳ ಕೈ ತೆಗೆದುಕೊಂಡರು.

ಆ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಅವರ ನಗು ಮೊದಲು ನಿಂತಿತು, ಅವಳದು ಆಮೇಲೆ.

ಟಾಂಗಾ ಹತ್ತುವಾಗ ನಾನು ಮುಂದೇನು ಎಂದು ಕೇಳಿದೆ. "ರಸ ನಡೀಲಿ," ಎಂದರು. ಹತ್ತಿ ಕುಳಿತು, "ನಿಮ್ಮ ಅತ್ತಿಯವರಿಗೂ ಕೊಡ್ರಿ. ಅವರಿಗಿ ಶಕ್ತಿ ಬೇಕಾಗ್ತದ," ಎಂದರು.

೬. ಒಲೆ ಹೊತ್ತಿಸದ ದಿನ

ನಾರಾಯಣಖೇಡದ ಗಾಣ ಬಂತು. ಮೊಣಕಾಲೆತ್ತರದ್ದು, ನೋಡಲು ಚೆಂದ. ಆದರೆ ಹೊಸ ಜಾಲಿ ಕಟ್ಟಿಗೆ ತನ್ನದೇ ಒಗರು ಬಿಡುತ್ತದೆ. ಕಾಕಾ ಅದಕ್ಕೆ ನೀರು ತುಂಬಿಸುವುದು, ಚೆಲ್ಲುವುದು, ಬಿಸಿಲಿಗಿಡುವುದು, ಮತ್ತೆ ತುಂಬಿಸುವುದು. ಶಾಲೆಗೆ ಹೋಗುವಾಗ ನೋಡಿದರೆ ಅದರೊಳಗೆ ಮೂಗು ಇಟ್ಟುಕೊಂಡು ಬಗ್ಗಿರುತ್ತಿದ್ದ; ಬರುವಾಗ ನೋಡಿದರೂ ಹಾಗೆಯೇ.

"ಆತೇನು ಕಾಕಾ?"

"ಇನ್ನಾ ಜರಾ ವಾಸನಿ ಅದ, ಮಾಸ್ತರ್. ತಂಗಿ ಮೂಗ ಭಾಳ ಚುರುಕ. ಹಿಂದಿನ ಹಂಗ ಆಗಬಾರ್ದು."

ನಾನು ಒಳಗೆ ಹೋಗಿ ಹೇಳಿದರೆ ಅವಳು, "ಅವಸರ ಮಾಡಬ್ಯಾಡ ಅಂತ ಹೇಳ್ರಿ," ಎನ್ನುತ್ತಿದ್ದಳು.

ಅವಳು ತೀರಿಕೊಂಡದ್ದು ಸೋಮವಾರ ಬೆಳಿಗ್ಗೆ, ಶಾಲೆಯ ಗಂಟೆ ಹೊಡೆಯುವ ಮೊದಲು. ಸೋಮವಾರ ಚಲೋ ವಾರ ಎಂದು ಓಣಿಯವರು ಹೇಳಿದರು. ಮಧ್ಯಾಹ್ನಕ್ಕೆ ಮಣ್ಣು ಮಾಡಿ ಬಂದೆವು.

ಅಂಥ ದಿನ ಆ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಏನನ್ನೂ ಬೇಯಿಸುವುದಿಲ್ಲ. ಓಣಿಯವರೇ ರೊಟ್ಟಿ, ಬೇಳೆ ತಂದು ಉಣಿಸಬೇಕು. ಹೆಂಗಸರು ಅತ್ತೆಯವರ ಸುತ್ತ ಕುಳಿತಿದ್ದರು. ಆಗ ಕಾಕಾ ಬಂದ. ಹೆಗಲ ಮೇಲೆ ಗಾಣ, ಕೈಯಲ್ಲಿ ದಾಳಿಂಬೆಯ ಬುಟ್ಟಿ. ಹಿಂದಿನ ದಿನ ಝರಾಸಂಗದ ತೋಟಕ್ಕೆ ನಡೆದು ಹೋಗಿ ಹಣ್ಣು ಆರಿಸಿ ತಂದಿದ್ದ, ಬೆಳಿಗ್ಗೆ ತರಬೇಕೆಂದಿದ್ದ. ಯಾರನ್ನೂ ನೋಡದೆ ಪಡಸಾಲೆಯ ನಡುವೆ ಗಾಣ ಇಳಿಸಿ, ಕುಳಿತು ಕಾಳು ಬಿಡಿಸತೊಡಗಿದ.

"ಏ ಕಾಕಾ, ಏನ್ ಮಾಡಾಕತ್ತಿ?" ಎಂದಳು ಹಿಂದಿನ ಓಣಿಯ ಮುದುಕಿ. "ಇವತ್ತ ಈ ಮನ್ಯಾಗ ಅಡಿಗಿ ಮಾಡಬಾರ್ದು."

"ಅಡಿಗಿ ಅಲ್ಲ ಇದು. ರಸ."

"ರಸ ಅಂದ್ರೇನು, ಹೊಟ್ಟಿಗಿ ಹೋಗಾದಿಲ್ಲೇನು? ಹೊಟ್ಟಿಗಿ ಹೋಗಾದೆಲ್ಲಾ ಅಡಿಗೀನೇ."

"ಬೆಂಕಿ ಎಲ್ಲದ ಇದರಾಗ?" ಎಂದಳು ಮೊಣಕಾಲು ನೋವು ಹೋದಾಕೆ. "ಬೆಂಕಿ ಇಲ್ಲಂದ್ರ ಅಡಿಗಿ ಹೆಂಗಾತು?"

"ಹಂಗಂದ್ರ ಉಪ್ಪಿನಕಾಯಿಗೂ ಬೆಂಕಿ ಇಲ್ಲ. ಇವತ್ತ ಕುಂತು ಉಪ್ಪಿನಕಾಯಿ ಹಾಕ್ತೀಯೇನು?"

"ಉಪ್ಪಿನಕಾಯಿ ಮಾತ ಬ್ಯಾರೆ."

"ಹೆಂಗ ಬ್ಯಾರೆ? ಹೇಳು ಹೆಂಗ ಬ್ಯಾರೆ."

ದನಿಗಳು ಏರಿದವು. ಒಬ್ಬಾಕೆ ಅಯ್ಯನವರನ್ನು ಕೇಳಿ ಬರೋಣ ಎಂದಳು. ಅಯ್ಯನವರು ಬಂದರೆ ಅರ್ಧ ಗಿಲಾಸು ಅವರಿಗೇ ಹೋಗುತ್ತದೆ ಎಂದು ಇನ್ನೊಬ್ಬಾಕೆ. ನಾನು ಕಂಬಕ್ಕೆ ಒರಗಿ ಕುಳಿತು ಕೇಳುತ್ತಿದ್ದೆ. ಕಾಕಾ ತಲೆ ಎತ್ತದೆ ಕಾಳು ಬಿಡಿಸುತ್ತಲೇ ಇದ್ದ.

ಬೆಳಗಿನಿಂದ ಒಂದು ಮಾತೂ ಆಡದಿದ್ದ ಅತ್ತೆಯವರು ಆಗ ಸೆರಗಿನೊಳಗಿಂದ ತೀರ್ಪು ಕೊಟ್ಟರು.

"ಹಿಂಡಲಿ ಬಿಡ್ರೆವ್ವಾ. ಒಗ್ಗರಣಿ ಹಾಕಿದ್ರ ಅಡಿಗಿ. ಹಾಕ್ಲಿಲ್ಲಂದ್ರ ಅಲ್ಲ."

ಮೊದಲು ನಕ್ಕವಳು ಆ ಮುದುಕಿ. ಆಮೇಲೆ ಪಡಸಾಲೆಯೆಲ್ಲ ನಕ್ಕಿತು. ಸಾವಿನ ಮನೆಯೆಂದು ಸೆರಗು ಬಾಯಿಗೆ ಒತ್ತಿಕೊಂಡಷ್ಟೂ ನಗು ಭುಜಗಳಲ್ಲಿ ಬರುತ್ತಿತ್ತು. ಅತ್ತೆಯವರೂ ನಕ್ಕರು. ಅವರದು ಎಲ್ಲಿಯವರೆಗೆ ನಗು, ಎಲ್ಲಿಂದ ಅಳು ಎಂದು ನನಗೆ ತಿಳಿಯಲಿಲ್ಲ. ಉಳಿದವರಿಗೂ ತಿಳಿಯಲಿಲ್ಲ, ಅವರೂ ಒಬ್ಬೊಬ್ಬರಾಗಿ ಸುಮ್ಮನಾದರು.

ಕಾಕಾ ಹೊರಗೆ ಹೋಗಿ ಬೂದಿ, ಸೀಗೆಪುಡಿ ಹಚ್ಚಿ ಕೈ ತಿಕ್ಕಿ ತೊಳೆದು ಬಂದ. ಮೊಣಕೈವರೆಗೆ ತಿಕ್ಕಿದ್ದ. ಬೆರಳ ಗೆಣ್ಣುಗಳಲ್ಲಿ ಚರ್ಮ ಸೀಳಿತ್ತು. ಗಾಣ ತಿರುಗಿಸಿದ. ಬೀಜ ಒಡೆಯಲಿಲ್ಲ. ರಸ ತಿಳಿಯಾಗಿ, ಕೆಂಪಾಗಿ ಇಳಿಯಿತು. ಅವಳ ಗಿಲಾಸನ್ನೇ ಕೆಳಗೆ ಹಿಡಿದಿದ್ದ. ಅಂಚಿನತನಕ ತುಂಬಿತು.

ತುಂಬಿದ ಮೇಲೆ ಅದನ್ನು ಹಿಡಿದುಕೊಂಡು ಯಾರಿಗೆ ಕೊಡಬೇಕೆಂದು ತಿಳಿಯದೆ ನಿಂತ. ಒಳಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿದ. ಅತ್ತೆಯವರ ಮುಂದೆ ಒಯ್ದ. ಅವರು ಬೇಡವೆಂದು ಕೈ ಮಾಡಿದರು. ಮೊದಲ ಸಲ ನನ್ನ ಮುಖ ನೋಡಿ ನನಗೇ ಹೇಳಿದರು.

"ನೀವ್ ಕುಡೀರಿ. ಮುಂಜಾನಿಂದ ಬಾಯಾಗ ನೀರ ಹಾಕಿಲ್ಲ."

ನಾನು ಲಿಂಗಕ್ಕೆ ತೋರಿಸಿದೆ. ತೋರಿಸಿದ ಮೇಲೆ ಉಳಿಸುವ ಹಾಗಿರಲಿಲ್ಲ. ಪೂರ್ತಿ ಕುಡಿದೆ.

ಎಣ್ಣೆಯ ವಾಸನೆ ಇರಲಿಲ್ಲ.